ಕಟ್ಟಿದವರು, ಕಾದು ಕುಂತವರು

‘ಡೆವಲಪರ್’ ಅಂದ್ರೆ ನಮ್ಮ ಕ್ಯಾಂಪಸ್ಸಿನಲ್ಲಿ ಎರಡು ಅರ್ಥ. ಸಿಎಸ್, ಐಎಸ್ ಬ್ರಾಂಚಿನವರಿಗೆ ಕೋಡ್ ಬರೆಯುವವ. ಸಿವಿಲ್‌ನವರಿಗೆ, ಹಾಗೇ ನವನಗರದಲ್ಲಿ ಸೈಟು ಹುಡುಕುತ್ತಿರುವ ನಮ್ಮ ಅಪ್ಪಂದಿರಿಗೆ, ಜಮೀನು ಕೊಂಡು ಪ್ಲಾಟು ಮಾಡಿ ಮಾರುವವ. ಈ ಎರಡನೇ ಥರದವರ ಬಗ್ಗೆ ನಮಗೊಂದು ತಕರಾರು ಇದೆ. ಮೊಬೈಲ್ ತೆಗೆದರೆ ಸಾಕು, ‘25ಕ್ಕೆ ಮೊದಲ ಪ್ರಾಪರ್ಟಿ, 35ಕ್ಕೆ ರಿಟೈರ್‌ಮೆಂಟು’ ಅಂತ ಬೋಧನೆ ಮಾಡುವ ರೀಲ್ಸ್ ಸಾಲುಗಟ್ಟಿ ಬರತಾವ. ಅವರಲ್ಲಿ ಕಟ್ಟಿ ಶ್ರೀಮಂತರಾದವರೂ ಇದ್ದಾರೆ, ಕಟ್ಟದೆ ಕಾದು ಕುಂತು ಶ್ರೀಮಂತರಾದವರೂ ಇದ್ದಾರೆ. ಇಬ್ಬರಿಗೂ ಒಂದೇ ಚಪ್ಪಾಳೆ ಬೀಳುತ್ತಿದೆ. ಬಾಗಲಕೋಟೆಯಂಥ ಊರಿನಲ್ಲಿ ಕೂತು ಎಂಜಿನಿಯರಿಂಗ್ ಓದುವ ನಾವು ಈ ಇಬ್ಬರನ್ನ ಬೇರೆ ಮಾಡಿ ನೋಡಲೇಬೇಕು ಅನ್ನೋದು ನಮ್ಮ ವಾದ.

ಎರಡು ಹೆಸರು ಇಟ್ಟುಕೊಂಡು ಮಾತಾಡೋಣ. ಇಬ್ಬರೂ ಹುಟ್ಟಿದ್ದು 1928ರಲ್ಲಿ. ಒಬ್ಬ ಹ್ಯಾರಿ ಹೈಮ್ಸ್, ಬ್ರಿಟನ್ನಿನ ಡೆವಲಪರ್. ಇನ್ನೊಬ್ಬರು ಭಟ್ಕಳ ತಾಲೂಕಿನ ಮುರ್ಡೇಶ್ವರದವರಾದ ಆರ್.ಎನ್. ಶೆಟ್ಟರು. ಇಬ್ಬರಲ್ಲಿ ಯಾರೂ ಎಂಜಿನಿಯರಿಂಗ್ ಓದಿದವರಲ್ಲ. ಇಬ್ಬರೂ ಕಾಂಕ್ರೀಟಿನ ದಂಧೆಯಲ್ಲೇ ದೊಡ್ಡವರಾದರು. ದಾರಿ ಮಾತ್ರ ಪೂರಾ ಬೇರೆ.

ಹೈಮ್ಸ್ 17ರ ವಯಸ್ಸಿಗೇ ಶಾಲೆ ಬಿಟ್ಟು ಎಸ್ಟೇಟ್ ಏಜೆಂಟರ ಕಚೇರಿ ಸೇರಿದ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಹಾಳಾಗಿದ್ದ ಲಂಡನ್ನಿನಲ್ಲಿ ಆಫೀಸು ಕಟ್ಟಡಗಳಿಗೆ ಭಾರೀ ಬೇಡಿಕೆ ಇದ್ದ ಕಾಲ ಅದು. ಓಲ್ಡ್‌ಹ್ಯಾಮ್ ಎಸ್ಟೇಟ್ ಅನ್ನುವ ಕಂಪನಿ ಹಿಡಿದುಕೊಂಡು ಒಂದಾದ ಮೇಲೊಂದು ಆಫೀಸು ಕಟ್ಟಡ ಎಬ್ಬಿಸಿದ. ಹೆಸರಾಗಿದ್ದು, ಹೆಸರು ಕೆಟ್ಟಿದ್ದು ಎರಡೂ ಸೆಂಟರ್ ಪಾಯಿಂಟ್ ಅನ್ನುವ ಗೋಪುರದಿಂದ. ಲಂಡನ್ ನಡುಮಧ್ಯದಲ್ಲಿ ರಸ್ತೆ ಅಗಲ ಮಾಡಲು ಅಲ್ಲಿನ ಕೌನ್ಸಿಲ್ಲಿಗೆ ಜಾಗ ಬೇಕಿತ್ತು. ಜಾಗ ನಾನು ಕೊಡ್ತೀನಿ, ನನಗೆ ಎತ್ತರಕ್ಕೆ ಅನುಮತಿ ಕೊಡ್ರಿ ಅನ್ನುವ ಥರದ ಒಪ್ಪಂದ ಆಯಿತು. ರಿಚರ್ಡ್ ಸೈಫರ್ಟ್ ವಿನ್ಯಾಸ ಮಾಡಿದ, ಸುಮಾರು 117 ಮೀಟರ್ ಎತ್ತರದ ಆ ಕಟ್ಟಡ 1966ರಲ್ಲಿ ಮುಗಿಯಿತು. ಮುಗಿದ ಮೇಲೆ ವರ್ಷಗಟ್ಟಲೆ ಖಾಲಿ ನಿಂತಿತು.

ಖಾಲಿ ಯಾಕೆ? ಇಡೀ ಕಟ್ಟಡಕ್ಕೆ ಒಬ್ಬನೇ ಬಾಡಿಗೆದಾರ ಬೇಕು, ಅವನಿಗಾಗಿ ಕಾಯ್ತಾ ಇದ್ದೀನಿ, ಬೇಕಂತಲೇ ಖಾಲಿ ಇಟ್ಟಿಲ್ಲ ಅನ್ನೋದು ಹೈಮ್ಸ್ ವಾದವಾಗಿತ್ತು. ಇರಬಹುದು. ಆದರೆ ಕಾಯೋದರಿಂದ ಆತನಿಗೆ ನಷ್ಟವೇನೂ ಆಗಲಿಲ್ಲ ಅನ್ನೋದೇ ಇಲ್ಲಿ ತಿಳಿಯಬೇಕಾದ ಲೆಕ್ಕ. ಎಂ3 ಪೇಪರಿನಷ್ಟು ಕಷ್ಟ ಇಲ್ಲ, ಸ್ವಲ್ಪ ನೋಡ್ರಿ. ಬಾಡಿಗೆ ಕಟ್ಟಡದ ಬೆಲೆ ಕಟ್ಟೋದು ಅದರ ವಾರ್ಷಿಕ ಬಾಡಿಗೆ ಮೇಲೆ. ಕೊಳ್ಳುವವನು ಶೇ. 5ರಷ್ಟು ಹುಟ್ಟುವಳಿ ಸಾಕು ಅಂದುಕೊಂಡರೆ, ವರ್ಷಕ್ಕೆ 5 ಲಕ್ಷ ಬಾಡಿಗೆ ಬರುವ ಕಟ್ಟಡಕ್ಕೆ 1 ಕೋಟಿ ಬೆಲೆ. ಅದೇ ಬಾಡಿಗೆ 8 ಲಕ್ಷಕ್ಕೆ ಏರಿದರೆ 1 ಕೋಟಿ 60 ಲಕ್ಷ. ಈಗ ಪೇಟೆಯಲ್ಲಿ ಬಾಡಿಗೆ ಏರುತ್ತಲೇ ಇದೆ ಅಂದುಕೊಳ್ಳಿ. ಇವತ್ತೇ 5 ಲಕ್ಷಕ್ಕೆ ದೀರ್ಘ ಕರಾರು ಬರೆದುಕೊಟ್ಟವನು ಆ ದರಕ್ಕೇ ಕಟ್ಟುಬೀಳುತ್ತಾನೆ. ಎರಡು ವರ್ಷ ಬೀಗ ಹಾಕಿ ಕುಂತವನು 10 ಲಕ್ಷ ಬಾಡಿಗೆ ಕಳಕೊಂಡು 60 ಲಕ್ಷ ಬೆಲೆ ಗಳಿಸುತ್ತಾನೆ. ಒಂದು ಇಟ್ಟಿಗೆ ಹೆಚ್ಚಿಗೆ ಇಡಲಿಲ್ಲ, ಒಬ್ಬರಿಗೂ ನೆರಳು ಕೊಡಲಿಲ್ಲ, ಆಸ್ತಿ ಮಾತ್ರ ಬೆಳೀತು.

ಅದೇ ಹೊತ್ತಿಗೆ ಅದೇ ಊರಿನಲ್ಲಿ ಮನೆ ಇಲ್ಲದವರು ಬೀದಿಯಲ್ಲಿ ಮಲಗುತ್ತಿದ್ದರು. 1974ರ ಜನವರಿಯಲ್ಲಿ ವಸತಿ ಹೋರಾಟಗಾರರು ಒಳನುಗ್ಗಿ ಒಂದು ವಾರಾಂತ್ಯ ಅಲ್ಲೇ ಠಿಕಾಣಿ ಹೂಡಿದರು. ಕಟ್ಟಡದ ಹೆಸರೇ ಬೈಗುಳದ ಹಾಗೆ ಆಯಿತು. ಹೈಮ್ಸ್ ಫೋಟೋಗೆ ಸಿಗದ, ಸಂದರ್ಶನ ಕೊಡದ ಮನುಷ್ಯ. 2015ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಆಸ್ತಿಯ ಬಹುಪಾಲನ್ನು ದತ್ತಿಗೆ ಬಿಟ್ಟಿದ್ದ, ತನ್ನ ಭವ್ಯ ಮನೆಯನ್ನೂ ಅದರೊಳಗಿನ ಕಲಾಕೃತಿಗಳನ್ನೂ ಜನರಿಗೆ ತೋರಿಸಬೇಕು ಅಂತ ಬರೆದಿಟ್ಟಿದ್ದ. ಇದನ್ನೂ ಹೇಳಬೇಕು. ಸೆಂಟರ್ ಪಾಯಿಂಟ್ ಈಗ ಸಂರಕ್ಷಿತ ಕಟ್ಟಡ. ಒಳಗೆ ದುಬಾರಿ ಫ್ಲ್ಯಾಟುಗಳಾಗಿವೆ. ತಮಾಷೆ ಅಂದ್ರೆ 2018ರಲ್ಲಿ ಅವುಗಳಲ್ಲಿ ಸುಮಾರು ಅರ್ಧ ಮಾರಾಟವಾಗದೆ ಉಳಿದು, ಹೊಸ ಮಾಲೀಕರು ಅವನ್ನು ಮಾರುಕಟ್ಟೆಯಿಂದಲೇ ಹಿಂದಕ್ಕೆ ತಗೊಂಡರು. ಮತ್ತೆ ಖಾಲಿ!

ಈಗ ನಮ್ಮ ಕಡೆ ಬರೋಣ. ಆರ್.ಎನ್. ಶೆಟ್ಟರ ಹೆಸರು ನಮಗೆ ಹೊಸದಲ್ಲ. ಧಾರವಾಡದ ಸ್ಟೇಡಿಯಂನಲ್ಲಿ ಅಥ್ಲೆಟಿಕ್ಸಿಗೆ ಹೋದವರು ಆ ಹೆಸರಿನ ಕೆಳಗೇ ಓಡಿ ಬಂದಿದ್ದೀರಿ. ನಮ್ಮಲ್ಲಿ ಕೆಲವರ ಮನೆ ನೆಲಕ್ಕೆ ಹಾಕಿದ ಟೈಲ್ಸ್ ಕೂಡ ಅವರ ಕಂಪನಿಯದೇ. ಆದರೆ ಅವರ ಕಥೆ ಶುರುವಾಗೋದು ಹೈಸ್ಕೂಲು ಮುಗಿಸಿದ ಹುಡುಗ ಶಿರಸಿ ಕಡೆ ಸಿವಿಲ್ ಗುತ್ತಿಗೆ ಹಿಡಿದಲ್ಲಿಂದ. 1961ರಲ್ಲಿ ಸ್ವಂತ ಗುತ್ತಿಗೆ ಕಂಪನಿ. ಸೇತುವೆ, ರಸ್ತೆಗಳಿಂದ ಆರಂಭ. ಆಮೇಲೆ ಹುಬ್ಬಳ್ಳಿಗೆ ಬಿಡಾರ. ಹಿಡಕಲ್, ತಟ್ಟಿಹಳ್ಳ, ಸೂಪಾ, ಗೇರುಸೊಪ್ಪ ಅಣೆಕಟ್ಟುಗಳು, ವಾರಾಹಿಯ ಭೂಗತ ವಿದ್ಯುದಾಗಾರ, ಕೊಂಕಣ ರೈಲ್ವೆಯ ಸುರಂಗಗಳು, ಕೃಷ್ಣಾ ಮೇಲ್ದಂಡೆ ಯೋಜನೆಯ ಕೆಲಸ: ಅವರ ಸಂಸ್ಥೆ ಕೈಹಾಕಿದ ಯೋಜನೆಗಳ ಪಟ್ಟಿ ಓದಿದರೆ ನಮ್ಮ ರಾಜ್ಯದ ಜಲಸಂಪನ್ಮೂಲ ಎಂಜಿನಿಯರಿಂಗ್ ಸಿಲೆಬಸ್ ಓದಿದ ಹಾಗೆ ಆಗುತ್ತದೆ. ಹಿಡಕಲ್ಲಿನಲ್ಲಿ ನಿಲ್ಲುವ ಘಟಪ್ರಭೆಯೇ ಮುಂದೆ ಹರಿದು ನಮ್ಮ ಹಳೇ ಬಾಗಲಕೋಟೆಯ ದಂಡೆಗೆ ಬರೋದು.

ಗುತ್ತಿಗೆದಾರ ಅಂದ ಕೂಡಲೇ ಮೂಗು ಮುರಿಯುವುದು ನಮ್ಮಲ್ಲಿ ರೂಢಿ. ಕಾಂಟ್ರಾಕ್ಟರ್ ಅಂದ್ರೆ ಕಳ್ಳ ಅನ್ನೋ ಹಾಗೆ. ಆದರೆ ಆ ದಂಧೆಯ ಒಳಗಿನ ಕಷ್ಟ ಏನು ಅಂತ ಇಂಟರ್ನ್‌ಶಿಪ್ಪಿಗೆ ಹೋದ ಸೀನಿಯರ್‌ಗಳನ್ನ ಕೇಳ್ರಿ. ಟೆಂಡರ್ ಹಾಕುವಾಗಲೇ ಇಎಂಡಿ ಕಟ್ಟಬೇಕು. ಕೆಲಸ ಸಿಕ್ಕರೆ ಸೆಕ್ಯುರಿಟಿ ಡಿಪಾಸಿಟ್. ಸಿಮೆಂಟು, ಡೀಸೆಲ್ಲು, ಕೂಲಿ ಎಲ್ಲಾ ಮೊದಲು ಸ್ವಂತ ಜೇಬಿನಿಂದ. ಆಮೇಲೆ ಎಂಬಿ ಬುಕ್ಕಿನಲ್ಲಿ ಅಳತೆ ಬರೆದು, ಮೇಲಿನವರು ಪರೀಕ್ಷೆ ಮಾಡಿ, ರನ್ನಿಂಗ್ ಬಿಲ್ ಪಾಸಾಗಿ, ಅದರಲ್ಲೂ ಒಂದಿಷ್ಟು ಹಿಡಿದುಕೊಂಡು ಉಳಿದದ್ದು ಕೈಗೆ. ನೆಲ ಅಗೆದಾಗ ಡ್ರಾಯಿಂಗಿನಲ್ಲಿ ಇಲ್ಲದ ಬಂಡೆ ಬಂದರೆ, ಹೊಳೆ ಬೇಗ ತುಂಬಿ ಕಾಫರ್ ಡ್ಯಾಮ್ ಕೊಚ್ಚಿಕೊಂಡು ಹೋದರೆ, ಇಡೀ ಹಂಗಾಮೇ ಹೋಯಿತು. ಹೈಮ್ಸ್‌ಗೆ ಒಂದು ದಿನ ತಡವಾದರೆ ಲಾಭ. ಗುತ್ತಿಗೆದಾರನಿಗೆ ಒಂದು ದಿನ ತಡವಾದರೆ ದಂಡ. ಕೆಲಸ ಮುಗಿದರೇನೇ ದುಡ್ಡು ಅನ್ನುವ ಈ ಒಂದು ಶಿಸ್ತು ಮನುಷ್ಯನನ್ನ ಎಷ್ಟು ಬೇರೆ ಥರ ತಯಾರು ಮಾಡುತ್ತೆ ಅನ್ನೋದೇ ನಮಗೆ ಕುತೂಹಲ.

ಶೆಟ್ಟರು ಗಳಿಸಿದ ದುಡ್ಡನ್ನ ಮತ್ತೆ ಕಟ್ಟುವುದಕ್ಕೇ ಹಾಕಿದರು ಅನ್ನೋದು ಕಣ್ಣಿಗೆ ಕಾಣುತ್ತದೆ. ಹೋಟೆಲು, ಟೈಲ್ಸ್ ಕಾರ್ಖಾನೆ, ನಾರಾಯಣಪುರ ಎಡದಂಡೆ ಕಾಲುವೆ ಮೇಲೆ ಕಿರು ಜಲವಿದ್ಯುತ್ ಘಟಕ, ಆಸ್ಪತ್ರೆ, ಶಾಲೆ, 2001ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು. ಹುಟ್ಟೂರು ಮುರ್ಡೇಶ್ವರಕ್ಕೆ 123 ಅಡಿಯ ಶಿವನ ಮೂರ್ತಿ, 237 ಅಡಿಯ ರಾಜಗೋಪುರ. ಲಿಫ್ಟಿನಲ್ಲಿ ಗೋಪುರ ಹತ್ತಿ ಸಮುದ್ರ ನೋಡಿದವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಅಪಾರ್ಟ್‌ಮೆಂಟಿನ ವ್ಯವಹಾರವೂ ಅವರ ಸಂಸ್ಥೆಗೆ ಇತ್ತು ಅನ್ನಿ. 2020ರ ಡಿಸೆಂಬರ್ 17ರಂದು, 92ನೇ ವಯಸ್ಸಿಗೆ ತೀರಿಕೊಂಡರು.

ಹಾಗಂತ ನಾವು ಆರತಿ ಎತ್ತಲು ಕುಂತಿಲ್ಲ. ಅಣೆಕಟ್ಟು ಕಟ್ಟಿದವರ ಜೀವನಚರಿತ್ರೆ ಬರೆಯುವಾಗ ಮುಳುಗಿದವರ ಅಧ್ಯಾಯವೂ ಇರಬೇಕು. ಸೂಪಾ ಕಟ್ಟಿದಾಗ ಕಾಳಿ ಕಣಿವೆಯ ಹಳ್ಳಿಗಳ ಜನ ಎದ್ದು ರಾಮನಗರಕ್ಕೆ ಹೋಗಬೇಕಾಯಿತು. ಎಲ್ಲಿ ಕಟ್ಟಬೇಕು, ಎಷ್ಟು ಎತ್ತರ ಅನ್ನೋದನ್ನ ಗುತ್ತಿಗೆದಾರ ನಿರ್ಧರಿಸೋದಿಲ್ಲ, ಸರ್ಕಾರ ನಿರ್ಧರಿಸುತ್ತೆ, ಅದು ಹೌದು. ಆದರೂ ಗೋಪುರದ ಮೇಲಿಂದ ಸಮುದ್ರ ಕಂಡ ಹಾಗೆ ಆ ಹಳ್ಳಿಗಳೂ ಕಾಣಬೇಕಲ್ಲ. ಇದನ್ನ ಹೇಳುವ ಹಕ್ಕು ಬಾಗಲಕೋಟೆಯವರಿಗೆ ಬೇರೆಯವರಿಗಿಂತ ತುಸು ಹೆಚ್ಚೇ ಇದೆ.

ಯಾಕಂದ್ರೆ ನಮ್ಮ ಊರಿನ ಅತಿ ದೊಡ್ಡ ಡೆವಲಪರ್ ಯಾರು? ಆಲಮಟ್ಟಿ ಅಣೆಕಟ್ಟು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ನೀರು 519.60 ಮೀಟರ್ ಮಟ್ಟಕ್ಕೆ ಬರುವ ಹೊತ್ತಿಗೆ ಹಳೇ ಊರಿನ ತಗ್ಗು ಓಣಿಗಳು ಖಾಲಿಯಾಗಿ, ಗುಡ್ಡದ ಕಡೆ ನವನಗರ ಎದ್ದಿತ್ತು. ಇಡೀ ಊರನ್ನ ಎತ್ತಿ ಬೇರೆ ಕಡೆ ಇಡೋದು ಎಂಥಾ ಕೆಲಸ ಅಂದ್ರೆ, ಅದರ ನಗರ ಯೋಜನೆಗೆ ಚಾರ್ಲ್ಸ್ ಕೊರಿಯಾ ಅವರಂಥ ವಾಸ್ತುಶಿಲ್ಪಿ ಬಂದಿದ್ದರು. ನವ ಮುಂಬೈ ಯೋಜನೆಯಲ್ಲಿ ಕೆಲಸ ಮಾಡಿದ್ದ ಅದೇ ಕೊರಿಯಾ. ನಮ್ಮ ಬ್ರಾಂಚಿನವರಿಗೇ ಇದು ಗೊತ್ತಿಲ್ಲ ಅನ್ನೋದು ಬೇಜಾರಿನ ಸಂಗತಿ. ಚಂಡೀಗಢದ ಬಗ್ಗೆ ಸೆಮಿನಾರ್ ಕೊಡ್ತೀವಿ, ನಾವು ದಿನಾ ಆಟೋದಲ್ಲಿ ದಾಟುವ ಸೆಕ್ಟರುಗಳ ಬಗ್ಗೆ ಒಂದು ಸ್ಲೈಡೂ ಮಾಡೋದಿಲ್ಲ.

ಈಗ ಆ ಸೆಕ್ಟರುಗಳಲ್ಲಿ ಒಂದು ಸಂಜೆ ನಡೆದು ನೋಡ್ರಿ. ಮನೆ, ಮನೆ, ಜಾಲಿಕಂಟಿ. ಮನೆ, ಜಾಲಿಕಂಟಿ, ಹಂದಿ, ‘ಈ ಸೈಟು ಮಾರಾಟಕ್ಕಿಲ್ಲ’ ಬೋರ್ಡು. ನೆಲೆ ಕಳಕೊಂಡವರಿಗಾಗಿ ಹುಟ್ಟಿದ ಊರಿನಲ್ಲಿ ನೆಲ ಬಂಗಾರದ ಬಿಸ್ಕೀಟಿನ ಹಾಗೆ ಕಪಾಟಿನಲ್ಲಿ ಇಡುವ ವಸ್ತು ಆಗಿದೆ. ಇತ್ತ ವಿದ್ಯಾಗಿರಿಯಲ್ಲೂ ನವನಗರದಲ್ಲೂ ರೂಮು ಮಾಡಿಕೊಂಡಿರುವ ನಮಗೆ ಪ್ರತಿ ಜೂನಿನಲ್ಲೂ ಬಾಡಿಗೆ ಏರಿದ ಸುದ್ದಿ. ನಮ್ಮಲ್ಲೊಬ್ಬರ ಮನೆ ಮಾಲೀಕರು, ಹೆಸರು ಬೇಡ, ಎರಡು ತಿಂಗಳು ಮೇಲಿನ ಮಹಡಿ ಖಾಲಿ ಬಿಟ್ಟರು. ಕಡಿಮೆಗೆ ಕೊಟ್ಟರೆ ರೇಟು ಬೀಳುತ್ತೆ ಅಂತ ಕಾರಣ. ಹೈಮ್ಸ್ ಹೆಸರನ್ನೇ ಕೇಳದ ಅವರು ಹೈಮ್ಸ್ ಲೆಕ್ಕವನ್ನ ಬಾಯಿಪಾಠ ಮಾಡಿದ್ದರು!

ಖಾಲಿ ಸೈಟು ನಮ್ಮ ಸ್ವಂತ ವಿಷಯ, ನಿಮಗೇನು ತ್ರಾಸು ಅಂತ ಕೇಳುವವರಿಗೆ ಎಂಜಿನಿಯರಿಂಗ್ ಉತ್ತರ ಇದೆ. ನೂರು ಸೈಟಿನ ಒಂದು ಬಡಾವಣೆಯಲ್ಲಿ ಐವತ್ತರಲ್ಲಿ ಮಾತ್ರ ಮನೆ ಇದೆ ಅಂದುಕೊಳ್ಳಿ. ರಸ್ತೆ ಅಷ್ಟೇ ಉದ್ದ, ನೀರಿನ ಪೈಪು ಅಷ್ಟೇ ಉದ್ದ, ಬೀದಿದೀಪ ಅಷ್ಟೇ. ಒಂದು ಮನೆಯ ತಲೆಗೆ ಬೀಳುವ ಖರ್ಚು ಎರಡು ಪಟ್ಟು. ಒಳಚರಂಡಿಯದ್ದು ಇನ್ನೂ ಮಜಾ. ಕೊಳೆನೀರು ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗದಲ್ಲಿ ಹರಿದರೆ ಪೈಪು ತನ್ನನ್ನ ತಾನೇ ತೊಳೆದುಕೊಳ್ಳುತ್ತೆ ಅಂತ ಐದನೇ ಸೆಮಿನಲ್ಲಿ ಓದಿದ್ದೇವೆ. ಪೂರ್ತಿ ಬಡಾವಣೆಗೆ ಅಂತ ಡಿಸೈನ್ ಮಾಡಿದ ಪೈಪಿನಲ್ಲಿ ಅರ್ಧ ಬಡಾವಣೆಯ ನೀರು ಹರಿದರೆ ಆ ವೇಗ ಬರೋದಿಲ್ಲ, ಹೂಳು ಕೂಡುತ್ತೆ, ಮ್ಯಾನ್‌ಹೋಲು ಉಕ್ಕುತ್ತೆ. ಉಕ್ಕೋದು ಖಾಲಿ ಸೈಟಿನವನ ಮನೆ ಮುಂದೆ ಅಲ್ಲ, ಅವನ ಮನೆ ಅಲ್ಲಿಲ್ಲ. ಅಲ್ಲಿ ವಾಸ ಇರೋ ಬಡಪಾಯಿ ಮುಂದೆ.

ನೆಲ ಅಂದ್ರೆ ಬರೀ ರೇಟಲ್ಲ ಅಂತ ತಿಳಿಯೋಕೆ ನಮ್ಮ ಜಿಲ್ಲೆಗಿಂತ ಒಳ್ಳೆ ಲ್ಯಾಬ್ ಇಲ್ಲ. ಹುನಗುಂದ ತಾಲೂಕಿನ ಐಹೊಳೆಗೆ ಹೋಗಿ. ಅಲ್ಲಿ ಗುಡಿಗಳ ನಡುವೆ ಮನೆ, ಮನೆಗಳ ನಡುವೆ ಗುಡಿ. ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದದ್ದೇ ಅದರೊಳಗೆ ವಾಸ ಮಾಡಿದ್ದ ಮನುಷ್ಯನಿಂದ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು ಅಂತ 2010ರ ತಿದ್ದುಪಡಿ ಹೇಳುತ್ತದೆ. ಬಾದಾಮಿಯ ಗುಹೆಗಳ ಬುಡದಲ್ಲಿರುವ ಓಣಿಗಳಿಗೂ ಇದೇ ಕಾನೂನು. ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಗನ ಮದುವೆಗೆ ಒಂದು ಕೋಣೆ ಏರಿಸಲಾಗದೆ, ಬೇರೆ ಕಡೆ ಕರಕೊಂಡು ಹೋಗ್ತೀವಿ ಅನ್ನುವ ಸ್ಥಳಾಂತರದ ಮಾತನ್ನ ವರ್ಷಗಳಿಂದ ಕೇಳುತ್ತಾ ಕುಂತ ಐಹೊಳೆಯವರು ಒಂದು ಕಡೆ. ನಾಲ್ಕು ಸೈಟು ಇಟ್ಟುಕೊಂಡು ಕಟ್ಟುವ ಅವಸರವೇ ಇಲ್ಲದವರು ಇನ್ನೊಂದು ಕಡೆ. ನಡುವೆ ಐವತ್ತು ಕಿಲೋಮೀಟರೂ ಇಲ್ಲ.

ಇಳಕಲ್ಲಿನದು ಮತ್ತೊಂದು ಪಾಠ. ಇಳಕಲ್ ಕೆಂಪು ಗ್ರಾನೈಟು ಹಡಗು ಹತ್ತಿ ದೇಶ ದಾಟುತ್ತೆ, ಎಲ್ಲೋ ಯಾರದೋ ಲಾಬಿಯಲ್ಲಿ ಮಿರಮಿರ ಮಿಂಚುತ್ತೆ. ಅದೇ ಊರಿನ ನೇಕಾರರ ಮನೆಯೊಳಗೆ ನೆಲಕ್ಕೆ ಕುಣಿ ತೋಡಿ ಮಗ್ಗ ಹೂಡಿರುತ್ತಾರೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಂತು ಸೀರೆ ನೇಯುವವರಿಗೆ ಮನೆಯೇ ಕಾರ್ಖಾನೆ. ಸೀರೆಯ ಒಡಲಿನ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನ ಕೊಂಡಿ ಹಾಕಿ ಕೂಡಿಸುವ ಕೆಲಸಕ್ಕೆ ಜಾಗ ಬೇಕು, ಬೆಳಕು ಬೇಕು, ಜೊತೆಗೆ ಮನೆಮಂದಿಯ ಕೈ ಬೇಕು. ಇವರಿಗೆ ಎರಡನೇ ಮಹಡಿಯಲ್ಲಿ ಟೂ ಬಿಎಚ್‌ಕೆ ಕೊಟ್ಟರೆ ಕುಣಿ ಎಲ್ಲಿ ತೋಡೋದು, ಸ್ಲ್ಯಾಬಿನಲ್ಲಾ? ಡೆವಲಪರ್ ಚದರ ಅಡಿ ಎಣಿಸುವ ಕಡೆ ಎಂಜಿನಿಯರು ಒಳಗೆ ನಡೆಯುವ ಬದುಕನ್ನ ಎಣಿಸಬೇಕು.

ಬಾದಾಮಿ ತಾಲೂಕಿನ ಪಟ್ಟದಕಲ್ಲನ್ನ ಬಿಟ್ಟು ಮುಂದೆ ಹೋಗೋಕೆ ಮನಸ್ಸಿಲ್ಲ. ವಿರೂಪಾಕ್ಷ ಗುಡಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ. ದುಡ್ಡು ಕೊಟ್ಟವರ ಹೆಸರು ಶಾಸನದಲ್ಲಿ ಇರೋದು ಆಶ್ಚರ್ಯ ಅಲ್ಲ. ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರೂ ಬಿರುದಿನ ಸಮೇತ ಅಲ್ಲಿ ಇದೆ. ಎಂಟನೇ ಶತಮಾನದಲ್ಲಿ ಮಾಡಿದ್ದನ್ನ ನಮ್ಮ ಕಾಲದ ಫ್ಲೈಓವರ್ ಬೋರ್ಡುಗಳು ಮಾಡೋದಿಲ್ಲ. ಶಾಸಕರ ಹೆಸರು ಇರುತ್ತೆ, ಡಿಸೈನ್ ಮಾಡಿದವರದ್ದು ಇರೋದಿಲ್ಲ.

ನಮ್ಮ ವಾದಕ್ಕೆ ಎದುರು ಮಾತು ಇದೆ, ಮನೆಯಲ್ಲೇ ಕೇಳಿದ್ದೇವೆ. ‘ಮಗಳ ಮದುವಿಗೆ, ನಿಮ್ಮ ಫೀಸಿಗೆ ಅಂತ ಒಂದು ಸೈಟು ಇಟ್ಟೀವಿ, ಅದಕ್ಕೂ ನಿಮ್ಮ ಭಾಷಣ ಬೇಕೇನು?’ ಸರಿ ಮಾತು. ಪಿಂಚಣಿ ಇಲ್ಲದ ಮನೆಗೆ ಒಂದು ಸೈಟೇ ಬ್ಯಾಂಕು. ಹೊಲ ಮುಳುಗಿದ ಮೇಲೆ ಕೈಯಲ್ಲಿ ಉಳಿದ ಒಂದೇ ಆಸ್ತಿಯನ್ನ ಗಟ್ಟಿಯಾಗಿ ಹಿಡಕೊಂಡವರನ್ನ ಲಂಡನ್ನಿನ ಕೋಟ್ಯಧೀಶನ ಜೊತೆ ಹೋಲಿಸೋದು ಅನ್ಯಾಯ. ನಮ್ಮ ಜಗಳ ಐದನೇ, ಹತ್ತನೇ ಸೈಟಿನ ಜೊತೆ. ಅದಕ್ಕೊಂದು ಬೆಲೆ ತೆರಬೇಕಾಗಲಿ. ಹೈಮ್ಸ್‌ನ ದೇಶದಲ್ಲೇ 2013ರಿಂದ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು ದೀರ್ಘಕಾಲ ಖಾಲಿ ಬಿಟ್ಟ ಮನೆಗೆ ಹೆಚ್ಚುವರಿ ತೆರಿಗೆ ಹಾಕಬಹುದು. ನಮ್ಮ ರಾಜ್ಯದ ಪ್ರಾಧಿಕಾರಗಳ ಲೀಸ್-ಕಮ್-ಸೇಲ್ ಕರಾರುಗಳಲ್ಲೂ ಇಂತಿಷ್ಟು ವರ್ಷದೊಳಗೆ ಮನೆ ಕಟ್ಟಬೇಕು ಅನ್ನುವ ಷರತ್ತು ಇರೋದುಂಟು. ಷರತ್ತು ಇದ್ದ ಕಡೆ ಜಾರಿ ಆಗಲಿ, ಇಲ್ಲದ ಕಡೆ ಎರಡನೇ ಸೈಟಿನ ನಂತರ ಪ್ರತಿ ಖಾಲಿ ಸೈಟಿಗೂ ವರ್ಷದಿಂದ ವರ್ಷಕ್ಕೆ ಏರುವ ತೆರಿಗೆ ಬರಲಿ.

ಇದನ್ನ ಈಗಲೇ ಯಾಕೆ ಹೇಳುತ್ತಿದ್ದೇವೆ ಅಂದ್ರೆ, ಹೊತ್ತು ಬಹಳ ಇಲ್ಲ. ಆಲಮಟ್ಟಿಯನ್ನ 524.256 ಮೀಟರಿಗೆ ಏರಿಸುವ ಕೃಷ್ಣಾ ಮೂರನೇ ಹಂತಕ್ಕೆ ಮುಳುಗಡೆ ಆಗುವ ಜಮೀನಿನ ಪರಿಹಾರವನ್ನ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ನಿಗದಿ ಮಾಡಿತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ. ಮುಳುಗುವುದು 75 ಸಾವಿರಕ್ಕೂ ಹೆಚ್ಚು ಎಕರೆ. ಆ ದುಡ್ಡು ಊರಿಗೆ ಬಂದ ದಿನ ರೈತನ ಮನೆ ಮುಂದೆ ಮೊದಲು ನಿಲ್ಲೋದು ಸೈಟ್ ಏಜೆಂಟರ ಬೈಕು. ಹೊಲ ಕಳಕೊಂಡವರು ಮನೆ ಕಟ್ಟೋಕೆ ಅಂತ ಬಂದಾಗ, ಅವರಿಗಿಂತ ಮೊದಲೇ ಬಂದು ಕಾದು ಕುಂತವರ ರೇಟು ಕೊಟ್ಟು ಕೊಳ್ಳಬೇಕಾಗುತ್ತದೆ. ನಮ್ಮಲ್ಲಿ ಎಷ್ಟೋ ಜನರ ಅಜ್ಜಂದಿರು ಈ ಪರೀಕ್ಷೆ ಒಮ್ಮೆ ಬರೆದಿದ್ದಾರೆ.

ಬರೀ ಬರೆದು ಬಿಡೋದು ಬೇಡ ಅಂತ ಸಂಘದಲ್ಲಿ ಮಾತಾಗಿದೆ. ಮುಂದಿನ ಸೆಮಿಸ್ಟರಿನ ಸರ್ವೇ ಕ್ಯಾಂಪಿನ ಹೊತ್ತಿಗೆ ನವನಗರದ ಒಂದೇ ಒಂದು ಸೆಕ್ಟರ್ ತಗೊಂಡು, ಎಷ್ಟು ಸೈಟಿನಲ್ಲಿ ಮನೆ, ಎಷ್ಟರಲ್ಲಿ ಜಾಲಿ ಅಂತ ನಕ್ಷೆ ಮಾಡೋದು. ಮಾಲೀಕರ ಹೆಸರು ಬೇಡ, ಎಣಿಕೆ ಸಾಕು. ಸಿವಿಲ್‌ನವರು ಟೋಟಲ್ ಸ್ಟೇಷನ್ ಹಿಡೀತಾರೆ, ಸಿಎಸ್‌ನವರು ನಕ್ಷೆಯನ್ನ ಆನ್‌ಲೈನ್‌ಗೆ ಏರಿಸ್ತಾರೆ, ಅಂದ್ರೆ ಎರಡೂ ಅರ್ಥದ ಡೆವಲಪರ್‌ಗಳಿಗೆ ಕೆಲಸ ಇದೆ. ಇನ್‌ಸ್ಟ್ರುಮೆಂಟಿಗೆ ಎಚ್ಓಡಿ ಸಹಿ ಬೇಕು, ಅದನ್ನ ನಾವು ನೋಡ್ಕೋತೀವಿ. ಬರುವವರು ಟೊಪ್ಪಿಗೆ, ನೀರಿನ ಬಾಟಲಿ ತಗೊಂಡು ಬರ್ರಿ.